ಹಂಗಳದ ಸಗಣಿ, ವಯನಾಡಿನ ಕಾಫಿ

ಗುಂಡ್ಲುಪೇಟೆಯಲ್ಲಿ ನಮ್ಮದು ಗೊಬ್ಬರದ ಅಂಗಡಿ. ನಾನು ಮಾರುವುದು ಮೂಟೆಯಲ್ಲಿ ಬರುವ ಗೊಬ್ಬರ. ಅಪ್ಪ ಮಾರುತ್ತಿದ್ದದ್ದು ಲಾರಿ ಹತ್ತಿ ಹೋಗುವ ಗೊಬ್ಬರ. ಬೇಸಿಗೆ ಬಂತೆಂದರೆ ಅವರು ಹಂಗಳ, ಬೇರಂಬಾಡಿ ಕಡೆಯ ಹಳ್ಳಿಗಳ ತಿಪ್ಪೆಗಳನ್ನು ನೋಡಿಕೊಂಡು, ದರ ಕುದುರಿಸಿ, ಕೇರಳದ ಲಾರಿಗೆ ತುಂಬಿಸಿ ಕಳಿಸುತ್ತಿದ್ದರು. ಒಂದೇ ಮನೆಯ ಎರಡು ತಲೆಮಾರು ಎರಡು ದಿಕ್ಕಿನಲ್ಲಿ ಒಂದೇ ಸರಕನ್ನು ಸಾಗಿಸಿದ್ದೇವೆ ಅನ್ನುವುದು ನನಗೆ ಹೊಳೆದದ್ದು ಇತ್ತೀಚೆಗೆ. ಆ ಸರಕಿನ ಹೆಸರು ರಂಜಕ.

ಅಂಗಡಿಗೆ ಬರುವ ಯಾರೂ ಆ ಹೆಸರು ಹೇಳಿ ಕೇಳುವುದಿಲ್ಲ. ‘ಡಿಎಪಿ ಕೊಡಿ’ ಅನ್ನುತ್ತಾರೆ, ವಯಸ್ಸಾದವರು ‘ಸರ್ಕಾರಿ ಗೊಬ್ರ’ ಅನ್ನುತ್ತಾರೆ. ಮೂಟೆಯ ಮೇಲೆ 18:46:0 ಅಂತ ಅಚ್ಚಾಗಿರುತ್ತದೆ. ಮೊದಲನೆಯದು ಸಾರಜನಕ. ಅದು ಗಾಳಿಯಲ್ಲಿ ಬೇಕಾದಷ್ಟಿದೆ. ಹುರುಳಿ, ಅವರೆ, ಅಲಸಂದೆಯ ಬೇರಿನ ಗಂಟುಗಳು ಅದನ್ನು ಹಿಡಿದು ಮಣ್ಣಿಗೆ ಇಳಿಸುತ್ತವೆ. ನಡುವಿನ 46 ರಂಜಕದ ಲೆಕ್ಕ. ಅದು ಗಾಳಿಯಲ್ಲಿಲ್ಲ, ಮಳೆಯಲ್ಲೂ ಹೇಳಿಕೊಳ್ಳುವಷ್ಟಿಲ್ಲ. ಬಂಡೆಯಲ್ಲಿರುವ ಅಪಟೈಟ್ ಎಂಬ ಖನಿಜ ಕರಗಿ ಮಣ್ಣಿಗೆ ಸೇರಬೇಕು. ಅದಕ್ಕೆ ಸಾವಿರಾರು ವರ್ಷ ಬೇಕು. ಹಾಗಾಗಿ ಒಂದು ಹೊಲದ ರಂಜಕ ಹೋಯಿತೆಂದರೆ ಹೋಯಿತು. ಬೇರೆಲ್ಲಿಂದಲೋ ಹೊತ್ತು ತಂದು ಹಾಕಿದರೇ ಉಂಟು. ನಮ್ಮ ತಾಲ್ಲೂಕಿನ ಬೇಸಾಯದ ಚರಿತ್ರೆಯನ್ನು ಹೀಗೆ ಹೊತ್ತು ತರುವ, ಹೊತ್ತು ಒಯ್ಯುವ ಚರಿತ್ರೆ ಅಂತ ಓದಬಹುದು.

ಇಲ್ಲಿ ಹೊರುವ ಕೆಲಸ ಮಾಡಿದ್ದು ದನ. ಬೆಳಿಗ್ಗೆ ಊರ ದನವೆಲ್ಲ ಕಾಡಿಗೆ ಹೋಗಿ ಮೇಯುತ್ತಿತ್ತು, ಸಂಜೆ ಹಿಂದಿರುಗಿ ಕೊಟ್ಟಿಗೆಯಲ್ಲಿ ರಾತ್ರಿಯೆಲ್ಲ ಸಗಣಿ ಹಾಕುತ್ತಿತ್ತು. ಕಾಡಿನ ಹುಲ್ಲಿನಲ್ಲಿದ್ದ ರಂಜಕ ತಿಪ್ಪೆಗೆ ಬಂತು. ತಿಪ್ಪೆಯಿಂದ ಮುಂಗಾರಿಗೆ ಮುಂಚೆ ಗಾಡಿಯಲ್ಲಿ ಹೊಲಕ್ಕೆ, ಹೊಲದಿಂದ ರಾಗಿಯಲ್ಲಿ ಮನೆಗೆ. ನಾಟಿ ದನ ಹಾಲು ಕೊಟ್ಟದ್ದು ಕರುವಿಗೂ ಕಾಫಿಗೂ ಆಗುವಷ್ಟು ಮಾತ್ರ. ಅದನ್ನು ಸಾಕುತ್ತಿದ್ದದ್ದು ಉಳುವುದಕ್ಕೆ ಮತ್ತು ಗೊಬ್ಬರಕ್ಕೆ. ಸುಗ್ಗಿ ಮುಗಿದ ಮೇಲೆ ಕುರುಬರ ಕುರಿಮಂದೆಯನ್ನು ರಾತ್ರಿ ಹೊಲದಲ್ಲಿ ನಿಲ್ಲಿಸಿಕೊಳ್ಳುವುದೂ ಇತ್ತು. ಅದಕ್ಕೆ ರಾಗಿಯೋ ಜೋಳವೋ ಅಳೆದು ಕೊಡಬೇಕು. ಮಂದೆ ಮೊದಲು ಯಾರ ಹೊಲಕ್ಕೆ ಅಂತ ಜಗಳ ಕೂಡ ಆಗುತ್ತಿತ್ತು. ಬೇಸಿಗೆಯಲ್ಲಿ ಕೆರೆ ಬತ್ತಿದರೆ ಗೋಡು ತೆಗೆದು ಹೊಲಕ್ಕೆ ಹೊಡೆಯುವುದು ಇನ್ನೊಂದು ದಾರಿ. ಮಳೆಯಲ್ಲಿ ಕೊಚ್ಚಿ ಹೋದ ಮಣ್ಣು ಹೀಗೆ ಗಾಡಿ ಹತ್ತಿ ವಾಪಸಾಗುತ್ತಿತ್ತು.

1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಶ್ರೀರಂಗಪಟ್ಟಣದ ಸುತ್ತಿನ ಬೇಸಾಯ ಬರೆಯುವಾಗ ತಿಪ್ಪೆಯನ್ನು ಮರೆತಿಲ್ಲ. ಪ್ರತಿ ರೈತನೂ ಗುಂಡಿ ತೋಡಿಕೊಂಡಿದ್ದಾನೆ, ಕೊಟ್ಟಿಗೆಯ ಸಗಣಿ, ಗಂಜಲ ನೆನೆದ ಹುಲ್ಲು, ಒಲೆಯ ಬೂದಿ, ಮನೆಯ ಕಸ ಎಲ್ಲ ಅದಕ್ಕೆ ಬೀಳುತ್ತದೆ ಅನ್ನುತ್ತಾನೆ. ಅದಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು ವಿವರ: ಪಟ್ಟಣದ ಹತ್ತಿರದ ರೈತರು ಎತ್ತಿನ ಮೇಲೆ ಚೀಲ ಹೇರಿ ಕಳಿಸಿ, ಊರಿನ ಬೂದಿ, ಕಸ, ಮಲವನ್ನೆಲ್ಲ ಝಾಡಮಾಲಿಗಳಿಂದ ತರಿಸಿ ತಿಪ್ಪೆಗೆ ಸೇರಿಸುತ್ತಿದ್ದರಂತೆ. ಪಟ್ಟಣ ಉಂಡದ್ದು ಹೊಲಕ್ಕೆ ಮರಳುತ್ತಿತ್ತು. ಆ ಹೊರೆ ಹೊತ್ತವರಿಗೆ ಸಿಕ್ಕಿದ ಮರ್ಯಾದೆ ಏನು ಅನ್ನುವುದು ಬೇರೆ ಕಥೆ. ಹಳೆಯ ಪದ್ಧತಿ ಹೊಗಳುವ ಉಮೇದಿನಲ್ಲಿ ಅದನ್ನು ಮರೆಯುವವರ ಜೊತೆ ನಾನಿಲ್ಲ.

ನಮ್ಮ ಮನೆಯಲ್ಲಿ ದೀಪಾವಳಿಗೆ ತಿಪ್ಪೆಗೂ ದೀಪವಿತ್ತು. ಅಜ್ಜಿ ಸಗಣಿಯ ಉಂಡೆ ಮಾಡಿ, ಹುಚ್ಚೆಳ್ಳಿನ ಹೂವೋ ಚೆಂಡು ಹೂವೋ ಸಿಕ್ಕಿಸಿ ಇಟ್ಟು ಬರುತ್ತಿದ್ದಳು. ದೀಪ ಹಚ್ಚಿದ ಮೇಲೆ ಯಾರಿಗೂ ಸಗಣಿ ಕೊಡುವಂತಿಲ್ಲ. ಹೆಣ್ಣು ಕೊಡಲು ಹೋದವರು ಗಂಡಿನ ಮುಖಕ್ಕಿಂತ ಮುಂಚೆ ತಿಪ್ಪೆ ನೋಡುತ್ತಿದ್ದರು ಅಂತ ಅವಳು ಹೇಳುವಳು. ತಿಪ್ಪೆ ದೊಡ್ಡದಿದ್ದರೆ ದನ ಇದೆ, ದನ ಇದ್ದರೆ ಹೊಲ ಇದೆ, ಲೆಕ್ಕ ಸರಿಯಾಗೇ ಇತ್ತು. ಚಾಮರಾಜನಗರದ ಪಕ್ಕದಲ್ಲೇ, ಈಗ ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿರುವ ತಾಳವಾಡಿ ಸೀಮೆಯ ಗುಮಟಾಪುರದಲ್ಲಿ ಕನ್ನಡದ ಜನ ದೀಪಾವಳಿ ಮುಗಿಯುತ್ತಿದ್ದಂತೆ ಗೊರೆ ಹಬ್ಬ ಮಾಡುತ್ತಾರೆ. ಬೀರೇಶ್ವರನ ಗುಡಿಯ ಹತ್ತಿರ ಊರ ಸಗಣಿಯನ್ನೆಲ್ಲ ರಾಶಿ ಹಾಕಿ, ಮೈಮೇಲೆ ಎರಚಾಡುತ್ತಾರೆ. ಟೀವಿಯವರು ಪ್ರತಿ ವರ್ಷ ಬಂದು ‘ವಿಚಿತ್ರ ಆಚರಣೆ’ ಅಂತ ತೋರಿಸುತ್ತಾರೆ. ರಾಶಿ ಹಾಕುವಷ್ಟು ಸಗಣಿ ಒಂದು ಊರಲ್ಲಿ ಇದೆಯಲ್ಲ ಅನ್ನುವುದೇ ಹಿಂದಿನವರಿಗೆ ಹಬ್ಬಕ್ಕೆ ಸಾಕಾದ ಕಾರಣ ಆಗಿದ್ದಿರಬೇಕು.

ಹಂಗಳ ಈಗ ಗೋಪಾಲಸ್ವಾಮಿ ಬೆಟ್ಟಕ್ಕೂ ಊಟಿಗೂ ಹೋಗುವವರು ಕಾರಿನ ಕಿಟಕಿಯಲ್ಲಿ ನೋಡುವ ಊರು. ಚರಿತ್ರೆಯಲ್ಲಿ ಅದಕ್ಕೆ ದೊಡ್ಡ ಹೆಸರಿದೆ. ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬರುವ ಮುಂಚೆ ನಿರ್ಬಂಧದಲ್ಲಿದ್ದದ್ದು ಇಲ್ಲಿ. ಯಳಂದೂರಿನ ವಿಶಾಲಾಕ್ಷ ಪಂಡಿತ ಅವರ ಜೊತೆಗಾರನಾದದ್ದೂ, ಮುಂದೆ ಮಂತ್ರಿಯಾದದ್ದೂ ಈ ಊರಿನ ದೆಸೆಯಿಂದ. 1673ರಲ್ಲಿ ಪಟ್ಟವೇರಿದ ಮೇಲೆ ಅವರು ಗುಂಡ್ಲುಪೇಟೆಯಲ್ಲಿ ತಂದೆಯ ನೆನಪಿಗೆ ಪರವಾಸುದೇವನ ಗುಡಿ ಕಟ್ಟಿಸಿದರು. ದನದ ಮಂದೆಗಳಿಗಾಗಿಯೇ ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಮಾಡಿದರು. ಟಿಪ್ಪುವಿನ ಕಾಲಕ್ಕೆ ಅದೇ ಅಮೃತಮಹಲ್. ಕಾಡಂಚಿನ ಈ ಊರಿನಲ್ಲಿ ದಿನಾ ಸಂಜೆ ಧೂಳೆಬ್ಬಿಸಿಕೊಂಡು ಬರುವ ಮಂದೆ ನೋಡಿಯೇ ಅವರಿಗೆ ದನದ ಬೆಲೆ ತಿಳಿಯಿತೇ ಅಂತ ನಾನು ಊಹಿಸಿಕೊಳ್ಳುವುದುಂಟು. ಅದಕ್ಕೆ ದಾಖಲೆ ಕೇಳಬೇಡಿ. ಅವರು ಹಂಗಳದಲ್ಲಿದ್ದ ಆ ಕಾಲದಲ್ಲೇ, 1669ರಲ್ಲಿ, ಜರ್ಮನಿಯ ಹ್ಯಾಂಬರ್ಗಿನಲ್ಲಿ ಹೆನ್ನಿಗ್ ಬ್ರಾಂಡ್ ಎಂಬ ರಸವಾದಿ ಚಿನ್ನ ಮಾಡುವ ಆಸೆಯಿಂದ ಮೂತ್ರವನ್ನು ಕುದಿಸಿ ಕುದಿಸಿ, ಕೊನೆಗೆ ಕತ್ತಲಲ್ಲಿ ಹೊಳೆಯುವ ಒಂದು ಮೇಣದಂಥ ವಸ್ತು ಪಡೆದ. ರಂಜಕ ಲೋಕಕ್ಕೆ ಗೊತ್ತಾದದ್ದು ಹಾಗೆ, ಮೂತ್ರದಿಂದ.

ರಂಜಕಕ್ಕೆ ಕಾರ್ಖಾನೆ ಬಂದದ್ದು ತಡವಾಗಿ. ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್ 1842ರಲ್ಲಿ ಸೂಪರ್ ಫಾಸ್ಫೇಟಿಗೆ ಪೇಟೆಂಟ್ ಪಡೆದ. ನಮ್ಮ ದೇಶದಲ್ಲಿ ಮೊದಲು ಅದು ತಯಾರಾದದ್ದು 1906ರಲ್ಲಿ, ರಾಣಿಪೇಟೆಯಲ್ಲಿ. ಅಷ್ಟರಲ್ಲಿ ಮೈಸೂರು ಸಂಸ್ಥಾನದಲ್ಲೂ ಮಣ್ಣಿನ ಪರೀಕ್ಷೆ ಶುರುವಾಗಿತ್ತು. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಕೊಟ್ಟು ಪ್ರಯೋಗ ಕ್ಷೇತ್ರ ಮಾಡಿಸಿದರು; ಡಾ. ಲೆಹ್ಮನ್ ಅಲ್ಲಿ ಮಣ್ಣಿಗೂ ಬೆಳೆಗೂ ಇರುವ ಸಂಬಂಧ ಹುಡುಕತೊಡಗಿದರು. 1939ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು ಪಟ್ಟಣದ ಕಸವನ್ನೂ ಮಲವನ್ನೂ ಪದರ ಪದರವಾಗಿ ಗುಂಡಿಗೆ ತುಂಬಿ ಗೊಬ್ಬರ ಮಾಡುವ ಕ್ರಮ ರೂಪಿಸಿದರು. ಇಂದಿಗೂ ಕೃಷಿ ಪಠ್ಯಗಳಲ್ಲಿ ಅದಕ್ಕೆ ಬೆಂಗಳೂರು ಪದ್ಧತಿ ಅಂತಲೇ ಹೆಸರು. ಪಾಠದಲ್ಲಿ ಉಳಿದಷ್ಟು ಊರುಗಳಲ್ಲಿ ಉಳಿಯಲಿಲ್ಲ.

ಇನ್ನು ಲಾರಿಗಳ ಕಾಲ.

ವಯನಾಡಿನವರು ನಮ್ಮ ಗೊಬ್ಬರ ಕೊಳ್ಳುತ್ತಿದ್ದದ್ದು ಹಳೆಯದೇ. ಆದರೆ ತೊಂಬತ್ತರ ದಶಕದಲ್ಲಿ ಅದು ಉಕ್ಕಿದ ರೀತಿಯೇ ಬೇರೆ. ಕಾಫಿ ಬೆಳೆದವನು ಬೋರ್ಡಿಗೇ ಕೊಡಬೇಕೆಂಬ ಕಟ್ಟು ಆಗ ಸಡಿಲವಾಯಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಕಾಫಿ ಗಿಡ ಸುಟ್ಟುಹೋಗಿ, ಲೋಕದ ಮಾರುಕಟ್ಟೆಯಲ್ಲಿ ಕಾಫಿಗೆ ಬಂಗಾರದ ಬೆಲೆ ಬಂತು. ಕೈಯಲ್ಲಿ ದುಡ್ಡು ಓಡಾಡಿದ ವಯನಾಡಿನ ಬೆಳೆಗಾರ ಗಿಡಕ್ಕೆ ಒಳ್ಳೆಯದು ಹಾಕಲು ನೋಡಿದ. ಅವನ ಮಣ್ಣು ಕೆಂಪು, ಹುಳಿ. ಹಾಕಿದ ರಂಜಕವನ್ನು ಅದರೊಳಗಿನ ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಂಡು ಬೇರಿಗೆ ಬಿಡುವುದಿಲ್ಲ. ಕೊಟ್ಟಿಗೆ ಗೊಬ್ಬರ ಹಾಕಿದರೆ ಆ ಹಿಡಿತ ಸಡಿಲವಾಗುತ್ತದೆ. ಬೆಳೆಗಾರನಿಗೆ ಈ ರಸಾಯನ ಗೊತ್ತಿರಲಿ ಬಿಡಲಿ, ಗಿಡದ ಬಣ್ಣ ಗೊತ್ತಿತ್ತು.

ಸಂಕ್ರಾಂತಿ ಕಳೆದರೆ ಅಪ್ಪನ ಓಡಾಟ ಶುರು. ತಿಪ್ಪೆಯ ಹತ್ತಿರ ಹೋಗಿ ಮೊದಲು ಮೊಣಕೈವರೆಗೆ ಕೈ ಇಳಿಸಿ ಒಳಗಿನ ಬಿಸಿ ನೋಡುವರು. ಆಮೇಲೆ ನಡುವಿನಿಂದ ಒಂದು ಹಿಡಿ ತೆಗೆದು, ಮನೆಯವರನ್ನೇ ಕೇಳಿ ಒಂದು ಚೊಂಬು ನೀರು ತರಿಸಿ, ಅದರೊಳಗೆ ಹಾಕಿ ಕದಡಿ ಬೀಡಿ ಹಚ್ಚುವರು. ಬೀಡಿ ಮುಗಿಯುವುದರೊಳಗೆ ಹುಲ್ಲು ಮೇಲೆ ತೇಲಿ, ಮಣ್ಣು ತಳಕ್ಕೆ ಕೂತಿರುತ್ತದೆ. ನೀರು ಚೆಲ್ಲಿ ತಳದ ಮಣ್ಣನ್ನು ಬೆರಳಲ್ಲಿ ಅಳೆದು, ‘ಒಂದ್ ಬೆರಳು ಮಣ್ಣದ ಕನಕ್ಕ, ಈ ರೇಟ್ಗ ಆಗದಿಲ್ಲ’ ಅನ್ನುವರು. ಲಾರಿಗೆ ಅಡಿ ಲೆಕ್ಕದಲ್ಲಿ ದರ. ಹಾಗಾಗಿ ಮಣ್ಣು ಬೆರೆಸುವುದೂ, ಹಿಂದಿನ ರಾತ್ರಿ ನೀರು ಹೊಡೆದು ಉಬ್ಬಿಸುವುದೂ ನಡೆಯುತ್ತಿತ್ತು. ಆ ಕಡೆಯಿಂದ ಲಾರಿಯಲ್ಲಿ ಗೊಬ್ಬರವನ್ನು ತುಳಿದು ತುಳಿದು ಅಡಿ ಕಡಿಮೆ ತೋರಿಸುವುದೂ ಇತ್ತು. ತುಂಬುವ ಕೆಲಸ ಹೆಂಗಸರದು. ಮಂಕರಿ ತಲೆಗೇರಿಸಿ ಹಲಗೆ ಹತ್ತಿ ಸುರಿದು ಬರುವರು. ಬಿಸಿ ಗೊಬ್ಬರದ ಹಬೆಗೆ ಕಣ್ಣಲ್ಲಿ ನೀರು. ತಾಡಪಾಲು ಕಟ್ಟಿದ ಲಾರಿ ಮದ್ದೂರು ಚೆಕ್‌ಪೋಸ್ಟ್ ದಾಟಿ ಬಂಡೀಪುರದ ಮೂಲೆಹೊಳೆ ಕಾಡಿನಲ್ಲಿ ಹಾಯ್ದು ಸುಲ್ತಾನ್ ಬತ್ತೇರಿ ಸೇರುತ್ತಿತ್ತು. ದನ ಮೇಯ್ದದ್ದು ಅದೇ ಬಂಡೀಪುರದ ಹುಲ್ಲು.

ಕೊಟ್ಟಿಗೆಯ ಸಗಣಿ ಸಾಲದಾದಾಗ ಜನ ದನದ ಹಿಂದೆಯೇ ಮಂಕರಿ ಹಿಡಿದು ಕಾಡಂಚಿಗೆ ಹೋದರು. ಹೊಲ ಇಲ್ಲದವರೂ ದನ ಕಟ್ಟಿದರು. ಅದು ಉಳದಿದ್ದರೂ ಸರಿ, ಕರೆಯದಿದ್ದರೂ ಸರಿ. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನ ಎಂ.ಡಿ. ಮಧುಸೂದನ್ ಹಂಗಳದಲ್ಲೇ ಇದರ ಅಧ್ಯಯನ ಮಾಡಿ 2005ರಲ್ಲಿ ಕನ್ಸರ್ವೇಷನ್ ಬಯಾಲಜಿ ಪತ್ರಿಕೆಯಲ್ಲಿ ಬರೆದರು. ಊರೊಳಗೇ ಹುಟ್ಟಿ ಊರೊಳಗೇ ಸಲ್ಲುತ್ತಿದ್ದ ಸಗಣಿ ರಫ್ತಿನ ಸರಕಾದದ್ದು, ಲೋಕದ ಕಾಫಿ ಬೆಲೆ ಬಂಡೀಪುರದ ಹುಲ್ಲಿನವರೆಗೆ ಕೈ ಚಾಚಿದ್ದು ಅವರ ವಿಷಯ. ನಮ್ಮ ಊರಿನ ಬಗ್ಗೆ ನಾನು ಓದಿದ ಬರಹಗಳಲ್ಲಿ ಇಷ್ಟು ದೂರ ನೋಡಿದ್ದು ಇನ್ನೊಂದಿಲ್ಲ. 1973ರಲ್ಲಿ ಹುಲಿ ಯೋಜನೆ ಬಂದಾಗಿನಿಂದ ‘ನಿಮ್ಮ ದನದಿಂದ ಕಾಡು ಹಾಳು’ ಅಂತ ಹಂಗಳದವರಿಗೆ ಬುದ್ಧಿ ಹೇಳಿದವರು ಬಹಳ ಮಂದಿ. ಯುರೋಪಿನಲ್ಲಿ ಕೂತು ಕಾಫಿ ಕುಡಿದವನಿಗೆ ಯಾರೂ ಒಂದು ಮಾತು ಹೇಳಲಿಲ್ಲ.

ಇಲ್ಲೊಂದು ಲೆಕ್ಕ ಹೇಳಬೇಕು. ಕೊಟ್ಟಿಗೆ ಗೊಬ್ಬರದಲ್ಲಿ ಡಿಎಪಿ ಮೂಟೆಯ ಅಳತೆಯಲ್ಲೇ ಹೇಳುವುದಾದರೆ ನೂರಕ್ಕೆ ಸುಮಾರು 0.2ರಷ್ಟು ರಂಜಕ. ಅಂದರೆ 10 ಟನ್ನಿನ ಒಂದು ಲಾರಿಯಲ್ಲಿ 20 ಕೆ.ಜಿ. ಚಿಲ್ಲರೆ. 50 ಕೆ.ಜಿ.ಯ ಒಂದು ಡಿಎಪಿ ಮೂಟೆಯಲ್ಲಿ 23 ಕೆ.ಜಿ. ಅಪ್ಪ ಒಂದು ಲಾರಿ ಲೋಡಿನಲ್ಲಿ ಗಡಿ ದಾಟಿಸಿದ್ದನ್ನು ಅಂಗಡಿಯ ಹುಡುಗ ಒಂದೇ ಹೆಗಲಲ್ಲಿ ಹೊತ್ತು ತಂದು ಸ್ಕೂಟರಿನ ಮುಂದೆ ಇಡುತ್ತಾನೆ. ಡಿಎಪಿ ಗೆದ್ದದ್ದು ಈ ಹಗುರಕ್ಕೆ. ಸಗಣಿ ಮಾರಿದ ದುಡ್ಡಿನಲ್ಲಿ ಮೂಟೆ ಕೊಂಡವನು ರಂಜಕದ ಮಟ್ಟಿಗೆ ನಷ್ಟ ಮಾಡಿಕೊಳ್ಳಲಿಲ್ಲ ಅಂತಲೂ ವಾದಿಸಬಹುದು. ನನ್ನ ಗಿರಾಕಿಗಳು ವಾದಿಸುತ್ತಾರೆ. ಆದರೆ ಲಾರಿಯಲ್ಲಿ ರಂಜಕದ ಜೊತೆ ಹೋದ ಆ ಉಳಿದ ಒಂಬತ್ತು ಟನ್ ಚಿಲ್ಲರೆ ಇದೆಯಲ್ಲ, ಹುಲ್ಲು, ನಾರು, ಸತು, ಹುಳುಗಳಿಗೆ ಕೂಳು, ಅದು ಮೂಟೆಯಲ್ಲಿ ವಾಪಸು ಬರುವುದಿಲ್ಲ. ಮಳೆ ತಪ್ಪಿದ ವರ್ಷ ತಿಪ್ಪೆ ಗೊಬ್ಬರದ ಹೊಲ ಒಂದು ವಾರ ತಡೆಯುತ್ತದೆ, ಮೂಟೆ ಗೊಬ್ಬರದ ಹೊಲ ತಡೆಯುವುದಿಲ್ಲ.

ಮೂಟೆಯೊಳಗಿನದು ಎಲ್ಲಿಯದು ಅನ್ನುವುದನ್ನೂ ನೋಡಿ. ಲೋಕದ ರಂಜಕದ ಕಲ್ಲಿನಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಮೊರಾಕ್ಕೊ ಮತ್ತು ಪಶ್ಚಿಮ ಸಹಾರಾದಲ್ಲಿದೆ. ನಮಗೆ ರಾಜಸ್ಥಾನದ ಉದಯಪುರದ ಹತ್ತಿರ ಝಾಮರ್‌ಕೋಟ್ರಾ ಗಣಿ ಇದೆ, ಸಾಲದು. ಕಲ್ಲಾಗಿಯೋ, ಆಮ್ಲವಾಗಿಯೋ, ತಯಾರಾದ ಗೊಬ್ಬರವಾಗಿಯೋ ಹಡಗಿನಲ್ಲಿ ಬರಬೇಕು. 1992ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆಯ ಹಿಡಿತ ಬಿಟ್ಟಿತು, ಯೂರಿಯಾದ್ದು ಬಿಡಲಿಲ್ಲ. ಡಿಎಪಿ ದುಬಾರಿಯಾಯಿತು, ಜನ ಯೂರಿಯಾ ಸುರಿದರು. ಬೆಳೆ ಹಚ್ಚಗೆ ಕಂಡಿತು, ಕಾಳು ಜೊಳ್ಳು. 2021ರ ಮೇ ತಿಂಗಳಲ್ಲಿ ಲೋಕದ ಬೆಲೆ ಏರಿದಾಗ ಒಂದು ಮೂಟೆಯ ಸಬ್ಸಿಡಿಯನ್ನು 500ರಿಂದ 1200 ರೂಪಾಯಿಗೆ ಏರಿಸಿ, ರೈತನಿಗೆ 1200ಕ್ಕೇ ಸಿಗುವಂತೆ ಮಾಡಿದರು. ಸರ್ಕಾರ ಅರ್ಧ ಕೊಡುವ, ಆಫ್ರಿಕಾದ ಮರಳಿನಿಂದ ಬರುವ ಒಂದು ಮೂಟೆ ಇಲ್ಲದೆ ಬೇರಂಬಾಡಿಯ ಚೆಂಡು ಹೂವು ಅರಳುವುದಿಲ್ಲ ಅನ್ನುವ ಸ್ಥಿತಿಗೆ ನಾವು ಎರಡು ತಲೆಮಾರಿನಲ್ಲಿ ಬಂದೆವು.

ಹಾಕಿದ್ದೆಲ್ಲ ಬೆಳೆಗೆ ಹೋಗುತ್ತದೆಯೇ? ಹತ್ತು ಕ್ವಿಂಟಾಲ್ ರಾಗಿ ಹೊಲದಿಂದ ಒಯ್ಯುವ ಶುದ್ಧ ರಂಜಕ ಮೂರು ಕೆ.ಜಿ.ಗೂ ಕಡಿಮೆ. ಒಂದು ಡಿಎಪಿ ಮೂಟೆಯ 23 ಕೆ.ಜಿ.ಯಲ್ಲಿ ಆಮ್ಲಜನಕದ ಪಾಲು ಕಳೆದರೆ ಶುದ್ಧ ರಂಜಕ ಹತ್ತು ಕೆ.ಜಿ. ಉಳಿದದ್ದು ಎಲ್ಲೂ ಓಡುವುದಿಲ್ಲ, ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ, ಕಪ್ಪು ಮಣ್ಣಿನಲ್ಲಿ ಸುಣ್ಣಕ್ಕೆ ಅಂಟಿಕೊಂಡು ಬ್ಯಾಂಕಿನ ಠೇವಣಿಯ ಹಾಗೆ ಕೂತಿರುತ್ತದೆ. ವರ್ಷ ವರ್ಷ ಹೀಗೆ ಸುರಿದ ಹೊಲದ ಮಣ್ಣನ್ನು ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿದರೆ ಚೀಟಿಯಲ್ಲಿ ‘ರಂಜಕ: ಅಧಿಕ’ ಅಂತ ಬರುವುದುಂಟು. ರಂಜಕ ಹೆಚ್ಚಾದಲ್ಲಿ ಸತು ಸಿಗದೆ ಎಲೆ ಬಿಳಿಚಿಕೊಳ್ಳುತ್ತದೆ. ಚೀಟಿ ತಂದವರಿಗೆ ‘ಈ ಸಲ ಬೇಡ, ಜಿಂಕ್ ಹಾಕಿ ನೋಡಿ’ ಅನ್ನುತ್ತೇನೆ. ‘ಪಕ್ಕದ್ ಹೊಲ್ದವ್ನು ಹಾಕವ್ನಲ್ಲ’ ಅನ್ನುತ್ತಾರೆ. ವ್ಯಾಪಾರಿ ಬೇಡ ಅಂದರೆ ಸ್ಟಾಕ್ ಇಲ್ಲ ಅಂತ ಅರ್ಥ ಮಾಡಿಕೊಳ್ಳುವವರೂ ಇದ್ದಾರೆ.

ಚಾಮರಾಜನಗರದ ಹೊಂಡರಬಾಳಿನಲ್ಲಿ ರೈತ ಸಂಘದವರ ಅಮೃತಭೂಮಿ ಇದೆ. ಜೀವಾಮೃತ, ಮುಚ್ಚಿಗೆ, ಶೂನ್ಯ ಬಂಡವಾಳ ಎಲ್ಲ ಅಲ್ಲಿ ಕಲಿಸುತ್ತಾರೆ. ಮೂಟೆ ವ್ಯಾಪಾರಿ ಅಂತ ನನ್ನನ್ನು ಬೈಯುವ ಅಲ್ಲಿನ ಗೆಳೆಯರ ಮಾತಿನಲ್ಲಿ ಅರ್ಧ ನಾನು ಒಪ್ಪುತ್ತೇನೆ. ಮಣ್ಣಲ್ಲಿ ಬೀಗ ಹಾಕಿಕೊಂಡಿರುವ ರಂಜಕವನ್ನು ಸೂಕ್ಷ್ಮಜೀವಿಗಳು ಬಿಡಿಸಿ ಕೊಡುತ್ತವೆ ಅನ್ನುವುದು ಸುಳ್ಳಲ್ಲ. ಆದರೆ ಅವು ಬಿಡಿಸಿ ಕೊಡಬಲ್ಲವು, ಹುಟ್ಟಿಸಲಾರವು. ಪ್ರತಿ ವರ್ಷ ಲಾರಿಗಟ್ಟಲೆ ಈರುಳ್ಳಿ, ಬಾಳೆ, ಅರಿಸಿನ ಹೊರಗೆ ಹೋಗುತ್ತಿದ್ದರೆ ಠೇವಣಿ ಒಂದು ದಿನ ಮುಗಿಯಲೇಬೇಕು.

ನೀರಿನ ಕಡೆಯ ಕಥೆಯನ್ನು ಬರೆಯುತ್ತಿರುವವರು ಬೇರೆ. ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ಭಾರತ–ಫ್ರಾನ್ಸ್ ಜಂಟಿ ಜಲವಿಜ್ಞಾನ ಕೋಶದವರು ಮೊದಲು ಮೂಲೆಹೊಳೆ ಕಾಡಿನೊಳಗೆ ನಾಲ್ಕು ಚದರ ಕಿಲೋಮೀಟರಿನ ಒಂದು ಹಳ್ಳದ ಸೀಮೆಯನ್ನೂ, ಆಮೇಲೆ ಬೇರಂಬಾಡಿಯ 84 ಚದರ ಕಿಲೋಮೀಟರ್ ಜಲಾನಯನವನ್ನೂ ಅಳೆಯುತ್ತ ಕೂತಿದ್ದಾರೆ. ಅಕ್ಕಪಕ್ಕದ ಕಾಡು, ಹೊಲ ಎರಡನ್ನೂ ಹೋಲಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಬೋರ್‌ವೆಲ್ ಹತ್ತಿರ ಬಾಟಲಿ ಹಿಡಿದು ನಿಲ್ಲುವ ಹುಡುಗ ಹುಡುಗಿಯರನ್ನು ನಮ್ಮವರು ಮೊದಮೊದಲು ನೀರಿನ ಮೀಟರ್ ಹಾಕಲು ಬಂದವರು ಅಂತ ಓಡಿಸಲು ನೋಡಿದ್ದರು. ನೂರಾರು ಬೋರ್‌ವೆಲ್‌ಗಳ ನೀರಿನಲ್ಲಿ ಅವರಿಗೆ ಅಲ್ಲಲ್ಲಿ ನೈಟ್ರೇಟ್ ವಿಪರೀತ ಸಿಕ್ಕಿತು. ಯೂರಿಯಾದ ಸಾರ ಕೆಳಗಿಳಿದು, ಅದೇ ನೀರನ್ನು ಮತ್ತೆ ಎತ್ತಿ ಹಾಯಿಸಿ, ಮತ್ತೆ ಇಳಿದು, ಸುತ್ತುತ್ತಿದೆ. ರಂಜಕ ಹಾಗೆ ಬೋರಿಗೆ ಇಳಿಯುವುದಿಲ್ಲ. ಮಣ್ಣಿಗೆ ಅಂಟಿದ್ದು ಮಣ್ಣಿನ ಜೊತೆಯೇ ಹೊರಡುತ್ತದೆ. ಜೋರು ಮಳೆಗೆ ಬದು ಒಡೆದರೆ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ. ಹಿಂದೆ ಗೋಡು ಹೊಡೆಯುತ್ತಿದ್ದವರು ಅದನ್ನೇ ವಾಪಸು ತರುತ್ತಿದ್ದರು. ಈಗ ಕಬಿನಿಯಿಂದ ಪಂಪ್ ಮಾಡಿ ಕೆರೆ ತುಂಬಿಸುವುದರಿಂದ ಕೆಲವು ಕೆರೆ ಬೇಸಿಗೆಯಲ್ಲೂ ಒಣಗುವುದಿಲ್ಲ. ಒಳ್ಳೆಯದೇ, ಆದರೆ ಗೋಡು ಎತ್ತುವಂತಿಲ್ಲ. ರಂಜಕ ಕೂತ ನೀರಿಗೆ ಹಸಿರು ಪಾಚಿಯೂ ಅಂತರಗಂಗೆಯೂ ತಾವಾಗಿ ಬರುತ್ತವೆ.

ಸಗಣಿ ವ್ಯಾಪಾರ ಮೊದಲಿನಷ್ಟಿಲ್ಲ. 2001ರ ಹೊತ್ತಿಗೆ ಕಾಫಿ ಬೆಲೆ ಕುಸಿಯಿತು. 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಕಾಡಿನ ರಸ್ತೆ ಬಂದ್. ಟ್ರ್ಯಾಕ್ಟರ್ ಬಂದು ಎತ್ತು ಹೋದವು. ಇರುವ ಸೀಮೆಹಸು ಕಾಡಿಗೆ ಹೋಗುವುದಿಲ್ಲ, ಡೇರಿಯ ಹಿಂಡಿ ತಿಂದು ಕೊಟ್ಟಿಗೆಯಲ್ಲೇ ಇರುತ್ತದೆ. ಅದರ ಸಗಣಿಯಲ್ಲಿರುವುದು ಬಂಡೀಪುರದ ರಂಜಕ ಅಲ್ಲ, ಎಲ್ಲಿಯದೋ ತವುಡಿನದು, ಖನಿಜದ ಪುಡಿಯದು. ಈಗ ಗೊಬ್ಬರ ವಯನಾಡಿಗೆ ಹೋಗುವ ಬದಲು ವಯನಾಡಿನವರೇ ಇಲ್ಲಿಗೆ ಬಂದು, ಹೊಲ ಗುತ್ತಿಗೆ ಹಿಡಿದು, ಶುಂಠಿ ಹಾಕುತ್ತಾರೆ. ತಿಪ್ಪೆಗಳನ್ನೆಲ್ಲ ಒಳ್ಳೆಯ ಬೆಲೆಗೆ ಕೊಂಡು ಸುರಿಯುತ್ತಾರೆ, ಬೆಳೆ ಕಿತ್ತು ಬೇರೆ ಹೊಲಕ್ಕೆ ಹೋಗುತ್ತಾರೆ. ಅವರು ಬಿಟ್ಟ ಹೊಲದಲ್ಲಿ ಮುಂದಿನ ವರ್ಷ ರಾಗಿ ಚೆನ್ನಾಗಿ ಬರುತ್ತದೆ ಅಂತ ಒಬ್ಬರು, ಔಷಧಿ ಹೊಡೆದೂ ಹೊಡೆದೂ ಮಣ್ಣೇ ಸತ್ತಿದೆ ಅಂತ ಇನ್ನೊಬ್ಬರು, ಅಂಗಡಿಯ ಮುಂದೆ ಕೂತು ಜಗಳವಾಡುತ್ತಾರೆ.

ನನ್ನ ಜಗಳ ಬೇರೆ, ಪಟ್ಟಣದ್ದು. ಒಬ್ಬ ಮನುಷ್ಯನ ಮಲಮೂತ್ರದಲ್ಲಿ ವರ್ಷಕ್ಕೆ ಅರ್ಧ ಕೆ.ಜಿ.ಗೆ ಸ್ವಲ್ಪ ಕಡಿಮೆ ರಂಜಕ ಹೋಗುತ್ತದೆ, ಅದರಲ್ಲಿ ಹೆಚ್ಚಿನದು ಮೂತ್ರದಲ್ಲಿ. 2011ರ ಜನಗಣತಿಯಲ್ಲಿ ಗುಂಡ್ಲುಪೇಟೆ ಪಟ್ಟಣದ ಜನಸಂಖ್ಯೆ ಸುಮಾರು 28 ಸಾವಿರ. ಗುಣಿಸಿ, ಮೂಟೆಯ ಹತ್ತು ಕೆ.ಜಿ.ಯಿಂದ ಭಾಗಿಸಿ ನೋಡಿದೆ. ವರ್ಷಕ್ಕೆ ಸಾವಿರ ಮೂಟೆ ಡಿಎಪಿಗೂ ಹೆಚ್ಚು. ಶ್ರೀರಂಗಪಟ್ಟಣಕ್ಕೆ ಎತ್ತು ಕಳಿಸುತ್ತಿದ್ದ ಆ ರೈತರು ಬಿಡುತ್ತಿರಲಿಲ್ಲ. ಆದರೆ ಈಗ ಅದನ್ನು ತಲೆಯ ಮೇಲೆ ಹೊರುವವರು ಬೇಡ, ಟ್ಯಾಂಕರ್ ಇದೆ. ಗುಂಡಿಯಲ್ಲಿ ಕಸದ ಜೊತೆ ಬೇಯಿಸಿ ರೋಗಾಣು ಕೊಲ್ಲುವ ಬೆಂಗಳೂರು ಪದ್ಧತಿಯೂ ಇದೆ. ಈ ಲೆಕ್ಕವನ್ನು ಚೀಟಿಯಲ್ಲಿ ಬರೆದು ಕ್ಯಾಷ್ ಡಬ್ಬದ ಗಾಜಿನಡಿ ಇಟ್ಟಿದ್ದೇನೆ, ಕೇಳಿದವರಿಗೆ ತೋರಿಸುತ್ತೇನೆ. ನನ್ನ ಅಂಗಡಿಯಲ್ಲಿ ಇಡೀ ವರ್ಷ ಅಷ್ಟು ಡಿಎಪಿ ಖರ್ಚಾಗುವುದಿಲ್ಲ.